ಅಪ್‌ಡೇಟ್: ಅಂಗಡಿ ಕಂಪ್ಯೂಟರ್ ಸರಿಯಾಯ್ತು, ಫೈಲ್‌ಗಳೂ ಸಿಕ್ಕವು

ಹೋದ ವಾರ ಕೇಳಿದ್ದೆ. ವಿಜಯಪುರದಲ್ಲಿ ಅಪ್ಪನ ಜೆರಾಕ್ಸ್ ಅಂಗಡಿ ಇದೆ. ಯಾರದೋ ಪೆನ್‌ಡ್ರೈವ್ ಹಾಕಿದ ಮೇಲೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಟ್ಟಿವೆ, ರಿಪೇರಿಯವರು ಫಾರ್ಮ್ಯಾಟ್ ಮಾಡಲೇಬೇಕು ಅಂತಾರೆ, ಏನು ಮಾಡಲಿ ಅಂತ. "ಅವಸರ ಬೇಡ, ಇನ್ನೊಬ್ಬರಿಗೆ ತೋರಿಸಿ" ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.

ಗಾಂಧಿ ಚೌಕದ ಕಡೆ ಒಬ್ಬ ಹುಡುಗನಿಗೆ ತೋರಿಸಿದೆ. ಅವನು ಮೊದಲು ನೆಟ್ ವೈರ್ ಕಿತ್ತ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಆನ್ ಮಾಡಿ ಆಫ್‌ಲೈನ್ ಸ್ಕ್ಯಾನ್ (ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ತಪಾಸಣೆ) ಹಾಕಿದ. ವೈರಸ್ ಹೋದ ಮೇಲೆ ಕಪ್ಪು ಪರದೆ ತೆರೆದು 'ಅಟ್ರಿಬ್' ಅಂತ ಶುರುವಾಗುವ ಒಂದೇ ಸಾಲು ಟೈಪ್ ಮಾಡಿದ. ಅಪ್ಪನ ಬಿಲ್ಲು, ಕಾಲೇಜು ಹುಡುಗರ ಪ್ರಾಜೆಕ್ಟು, ಎಲ್ಲಾ ಫೋಲ್ಡರ್ ಕಣ್ಣೆದುರೇ ವಾಪಸ್ ಬಂದವು! ಅವು ಎಲ್ಲೂ ಹೋಗಿರಲೇ ಇಲ್ಲ. ವೈರಸ್ ಅವನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿತ್ತು. ಐಕಾನ್ ಮೂಲೆಯಲ್ಲಿ ಸಣ್ಣ ಬಾಣ ಇರುತ್ತಲ್ವಾ, ಅದೇ ಗುರುತು. ನಾವು ಕ್ಲಿಕ್ ಮಾಡಿದಾಗಲೆಲ್ಲ ವೈರಸ್ಸೇ ಓಡುತ್ತಿತ್ತು.

ಮನಸ್ಸಿಗೆ ಚುಚ್ಚಿದ್ದು ಬೇರೆ. ಕ್ರ್ಯಾಕ್ ಮಾಡಿದ (ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ) ಫೋಟೊ ಸಾಫ್ಟ್‌ವೇರ್ ಹಾಕಲು ಡಿಫೆಂಡರ್ ಆಫ್ ಮಾಡಿದ್ದು ನಾನೇ. ಆ ಸಾಫ್ಟ್‌ವೇರ್ ತೆಗೆದುಹಾಕಿದೆ.

ಈಗ ಯಾರ ಪೆನ್‌ಡ್ರೈವ್ ಬಂದರೂ ಸ್ಕ್ಯಾನ್ ಮಾಡಿಯೇ ತೆರೆಯುತ್ತೇವೆ. ಶನಿವಾರ ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ವೈರ್ ತೆಗೆದು ಕಪಾಟಿನಲ್ಲಿ ಇಡುತ್ತೇನೆ. ಸುಮ್ನೆ ಸಿಕ್ಕಿಸಿಟ್ಟರೆ ಅದಕ್ಕೂ ವೈರಸ್ ತಗಲಬಹುದು.

ಇನ್ನೊಂದು ಕೆಲಸ ಬಾಕಿ ಇದೆ. ನಮ್ಮದು ವಿಂಡೋಸ್ 10. ಅದರ ಮಾಮೂಲಿ ಸಪೋರ್ಟ್ (ಭದ್ರತಾ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮುಂದಿನ ತಿಂಗಳು 11 ಹಾಕಿಸುತ್ತೇನೆ.