ಬೆಣ್ಣೆ ದೋಸೆಯ ಮುಂದೆ ಸಂವಿಧಾನದ ಪೀಠಿಕೆ

ನವೆಂಬರ್ 26ರ ಸಂವಿಧಾನ ದಿನದಂದು ಬಡಾವಣೆಯ ಉದ್ಯಾನದಲ್ಲಿ ಪೀಠಿಕೆಯನ್ನು ಓದಿಸುವುದೆಂದೂ, ಓದಿದ ಮೇಲೆ ಅದನ್ನೇ ಎಲ್ಲರಿಗೂ ತಿಳಿಯುವ ಇಂದಿನ ಕನ್ನಡದಲ್ಲಿ ಹೇಳಬೇಕೆಂದೂ ನಮ್ಮ ಸಂಘದವರು ತೀರ್ಮಾನಿಸಿ, ಆ ಹೊಣೆಯನ್ನು ನಿವೃತ್ತ ಕನ್ನಡ ಮೇಷ್ಟ್ರ ಹೆಗಲಿಗೆ ಹಾಕಿದರು. ಮೇಷ್ಟ್ರು ಒಬ್ಬರೇ ಕುಳಿತು ಮುಗಿಸಬಹುದಾಗಿದ್ದ ಅರ್ಧ ಪುಟವನ್ನು ನಾವು ಆರು ಮಂದಿ ಸೇರಿ ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲಿನಲ್ಲಿ ಬರೆಯಲು ಹೊರಟದ್ದರಿಂದ, ಪ್ರಜಾಪ್ರಭುತ್ವದ ಗುಣದೋಷಗಳೆಲ್ಲ ಮೊದಲ ದೋಸೆ ಬರುವುದಕ್ಕೆ ಮೊದಲೇ ಕಾಣಿಸಿಕೊಂಡವು.

ಜಗಳ ಹುಟ್ಟಿದ್ದು ಮೊದಲ ಸಾಲಿನಲ್ಲಿ ಅಲ್ಲ, ಅದರ ಮೇಲಿನ ಖಾಲಿ ಜಾಗದಲ್ಲಿ. ಮೆಕ್ಕೆಜೋಳದ ದಲ್ಲಾಳಿಯವರು, "ಮೇಲೆ 'ಶ್ರೀ ದುರ್ಗಾಂಬಿಕಾ ಪ್ರಸನ್ನ' ಎಂದು ಹಾಕಿಬಿಡಿ. ಉದ್ರಿ ಚೀಟಿಯನ್ನು ಸಹ ನಾನು ಅದಿಲ್ಲದೆ ಬರೆಯುವುದಿಲ್ಲ" ಎಂದರು. ವಿಮಾ ಏಜೆಂಟಕ್ಕ, ತಮ್ಮ ಮನೆದೇವರು ಕೊಟ್ಟೂರು ಬಸವೇಶ್ವರನೆಂದೂ, ಒಂದು ದೇವರ ಹೆಸರು ಬರುವುದಾದರೆ ಇನ್ನೊಂದೂ ಬರಬೇಕೆಂದೂ ಪಟ್ಟು ಹಿಡಿದರು.

ವಕೀಲರು ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಈ ಜಗಳ 1949ರ ಅಕ್ಟೋಬರ್ 17ರಂದೇ ಸಂವಿಧಾನ ಸಭೆಯಲ್ಲಿ ಮುಗಿದಿದೆ" ಎಂದರು. ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ಎಚ್‌.ವಿ. ಕಾಮತರು ಅಂದು ತಿದ್ದುಪಡಿ ತಂದರಂತೆ. ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿಯವರು ಎದ್ದು ನಿಂತು, ಶಕ್ತಿಯ ಆರಾಧಕರಾದ ತಾವಿರುವಾಗ ದೇವರನ್ನಷ್ಟೇ ಕರೆದು ದೇವಿಯನ್ನು ಬಿಡುವುದು ಸರಿಯೇ ಎಂದು ಆಕ್ಷೇಪಿಸಿದರಂತೆ. ಕೊನೆಗೆ ಕಾಮತರ ತಿದ್ದುಪಡಿ ಮತಕ್ಕೆ ಹೋಗಿ, ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದವಂತೆ.

"ಅಂದರೆ ದೇವರು 27 ಮತಗಳ ಅಂತರದಿಂದ ಸೋತರೇ?" ಎಂದು ದಲ್ಲಾಳಿಯವರು ನೊಂದುಕೊಂಡರು.

"ಠೇವಣಿ ಉಳಿದಿದೆ, ಬಿಡಿ" ಎಂದು ಏಜೆಂಟಕ್ಕ ಸಮಾಧಾನ ಹೇಳಿದರು. ಖಾಲಿ ಜಾಗ ಖಾಲಿಯಾಗಿಯೇ ಉಳಿಯಿತು.

ಮುಂದಿನ ಸಾಲು ಇಂದಿನ ರಾಜಕೀಯಕ್ಕೆ ಹೊರಳೀತೆಂಬ ಭಯದಿಂದ, 'ಸಮಾಜವಾದಿ', 'ಸರ್ವಧರ್ಮ ಸಮಭಾವ' ಎಂಬಿವು 1976ರ 42ನೇ ತಿದ್ದುಪಡಿಯಲ್ಲಿ ಸೇರಿದವೆಂದು ವಕೀಲರು ಒಂದೇ ಉಸಿರಿಗೆ ಹೇಳಿ ನಮ್ಮನ್ನು ದಾಟಿಸಿದರು. ಅವರು ಇಂಥ ಜಾಣ್ಮೆಯನ್ನು ನ್ಯಾಯಾಲಯದಲ್ಲಿಯೂ ತೋರಿಸಿದ್ದರೆ ಇಷ್ಟು ಹೊತ್ತಿಗೆ ನ್ಯಾಯಾಧೀಶರಾಗಿರುತ್ತಿದ್ದರೆಂಬುದು ನನ್ನ ಅಭಿಪ್ರಾಯ. ಸಂವಿಧಾನ ಸಭೆಯ ಸದಸ್ಯರಾಗಿದ್ದ ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು ಎಂಬ ಕಾರಣಕ್ಕೆ, ಇವರು ಸಂವಿಧಾನದ ಅರ್ಧ ಶ್ರೇಯಸ್ಸು ತಮ್ಮ ವೃತ್ತಿಗೂ ಉಳಿದರ್ಧ ನಮ್ಮ ಹಳೆಯ ಜಿಲ್ಲೆಗೂ ಸೇರಬೇಕೆಂದು ಆಗಾಗ ಹೇಳುವುದುಂಟು.

ಸಮಾನತೆಯ ಸಾಲಿಗೆ ಬಂದಾಗ ಮೇಷ್ಟ್ರು, "ಇದು ಸುಲಭ" ಎಂದು 'ನಾವೆಲ್ಲರೂ ಸಮಾನರು' ಎಂದು ಬರೆದು, ಅಡಿಗೆರೆ ಎಳೆದು, ತಾವೇ ಮೆಚ್ಚಿಕೊಂಡರು. ಅಷ್ಟು ಹೊತ್ತೂ ದೋಸೆಯನ್ನಲ್ಲದೆ ಬೇರೇನನ್ನೂ ಗಮನಿಸದಿದ್ದ ಮಿಲ್ಲಜ್ಜ ತಲೆಯೆತ್ತಿದರು. ಹತ್ತಿ ಗಿರಣಿಯಲ್ಲಿ ದುಡಿದ ಅವರನ್ನು ನಾವೆಲ್ಲ ಹಾಗೆಯೇ ಕರೆಯುವುದು.

"ಮೇಷ್ಟ್ರೇ, ಇದನ್ನು ಕೇಳಿದವರೆಲ್ಲ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ನಾನೂ ಬಾಲ್ಯದಿಂದ ಆಡಿಸಿಕೊಂಡೇ ಬಂದಿದ್ದೇನೆ. ಯಾರು, ಎಲ್ಲಿ, ಯಾವುದರಲ್ಲಿ ಸಮಾನರು ಎಂದು ಬರೆಯಬಾರದೇ?"

ವಕೀಲರು ಮೊಬೈಲಿನಲ್ಲಿ 15ನೇ ವಿಧಿಯ ಎರಡನೇ ಖಂಡವನ್ನು ತೆಗೆದರು. ಧರ್ಮ, ಮೂಲವಂಶ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕಾಗಿಯೇ ಯಾವ ನಾಗರಿಕನನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಬಾರದಂತೆಯಾಗಲಿ, ಸರ್ಕಾರದ ಹಣದಿಂದ ನಡೆಯುವ ಅಥವಾ ಸಾರ್ವಜನಿಕರಿಗೆಂದು ಬಿಟ್ಟುಕೊಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಬಳಸದಂತೆಯಾಗಲಿ ತಡೆಯುವಂತಿಲ್ಲ ಎಂದು ಅದರ ಸಾರವನ್ನು ಹೇಳಿದರು.

"ಸಂವಿಧಾನದಲ್ಲಿ ಹೋಟೆಲ್ ಇದೆಯೇ?" ಎಂದು ದಲ್ಲಾಳಿಯವರು ಬೆರಗಾಗಿ, ಗಲ್ಲಾದ ಕಡೆಗೆ ತಿರುಗಿ, "ಅಣ್ಣಾ, ನಿಮ್ಮ ವಿಷಯ ಸಂವಿಧಾನದಲ್ಲಿ ಬಂದಿದೆಯಂತೆ" ಎಂದು ಕೂಗಿದರು. ಮಾಲೀಕರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, "ಅದಕ್ಕೂ ಲೈಸೆನ್ಸ್ ಮಾಡಿಸಬೇಕೇ?" ಎಂದು ಗಾಬರಿಯಿಂದ ಕೇಳಿದರು.

"ಕೆರೆ ಎಂದರೆ ನಮ್ಮ ಸೂಳೆಕೆರೆಯೂ ಸೇರಿತೇ?" ಎಂಬ ದಲ್ಲಾಳಿಯವರ ಮುಂದಿನ ಪ್ರಶ್ನೆಗೆ ವಕೀಲರು ಸೇರಿತೆಂದು ಉತ್ತರ ಕೊಡುವಷ್ಟರಲ್ಲಿ ಮಿಲ್ಲಜ್ಜ ಮಾತನಾಡಲು ತೊಡಗಿದ್ದರು. ಅವರ ಹಳ್ಳಿಯ ಹೋಟೆಲಿನ ಸೂರಿನ ಗಳುವಿಗೆ ಒಂದು ಲೋಟವನ್ನು ಸಿಕ್ಕಿಸಿರುತ್ತಿದ್ದರಂತೆ. ಅವರ ಕೇರಿಯಿಂದ ಯಾರು ಬಂದರೂ ಅದನ್ನು ತಾವೇ ಇಳಿಸಿ, ತೊಳೆದು, ಹೊರಗೆ ನಿಂತು ಹಿಡಿಯಬೇಕು. ಒಳಗಿನವನು ಗೇಣುದ್ದ ಮೇಲಿನಿಂದ ಚಹಾ ಸುರಿಯಬೇಕು. ಕುಡಿದಾದ ಮೇಲೆ ಮತ್ತೆ ತೊಳೆದು ಗಳುವಿಗೇ ಸಿಕ್ಕಿಸಬೇಕು. "ಅರ್ಧ ಚಹಾ ಕೈಮೇಲೆಯೇ ಬೀಳುತ್ತಿತ್ತು. ಆದರೆ ದುಡ್ಡು ಮಾತ್ರ ಪೂರ್ತಿ ಲೋಟದ್ದು" ಎಂದು ಅಜ್ಜ ನಕ್ಕರು. "ಆಗಲೇ ಈ ವಿಧಿ ಇತ್ತು. ನನಗೂ ಗೊತ್ತಿರಲಿಲ್ಲ, ಚಹಾ ಸುರಿಯುವವನಿಗೂ ಗೊತ್ತಿರಲಿಲ್ಲ."

ಮೇಷ್ಟ್ರು ಅಡಿಗೆರೆ ಸಮೇತ ತಮ್ಮ ಸಾಲನ್ನು ಹೊಡೆದುಹಾಕಿ, 'ಹೋಟೆಲು, ಅಂಗಡಿ, ಬಾವಿ, ಕೆರೆ, ರಸ್ತೆ ಎಲ್ಲರವು. ಜಾತಿ ಕೇಳಿ ಯಾರನ್ನೂ ಹೊರಗೆ ನಿಲ್ಲಿಸುವಂತಿಲ್ಲ' ಎಂದು ಬರೆದರು. ಪೀಠಿಕೆಯನ್ನು ಸರಳಗೊಳಿಸಲು ನಾವು ತಿಣುಕುತ್ತಿದ್ದ ಕೆಲಸವನ್ನು ಅದನ್ನು ಬರೆದವರೇ ಒಳಪುಟಗಳಲ್ಲಿ ಮಾಡಿಟ್ಟಿದ್ದರು. ನಾವು ಮೊದಲ ಪುಟಕ್ಕೆ ಕೈಮುಗಿದು ಪುಸ್ತಕವನ್ನು ಮುಚ್ಚಿದ್ದೆವು, ಅಷ್ಟೆ.

ಈ ಉಪಾಯ ಹೊಳೆದ ಮೇಲೆ ಕೆಲಸ ಸರಾಗವಾಯಿತು. ರಾಜಕೀಯ ನ್ಯಾಯಕ್ಕೆ 326ನೇ ವಿಧಿಯನ್ನು ಹಿಡಿದು, 'ಹದಿನೆಂಟು ತುಂಬಿದವರಿಗೆಲ್ಲ ವೋಟು. ಗಿರಣಿಯ ಮಾಲೀಕನಿಗೂ ಒಂದೇ, ಕೂಲಿಯವನಿಗೂ ಒಂದೇ' ಎಂದು ಮುಗಿಸಿದೆವು. ಆರ್ಥಿಕ ನ್ಯಾಯದಲ್ಲಿ ಮಾತ್ರ ಬಂಡಿ ಹೂತಿತು. ದುಡಿಯುವವರಿಗೆ ಬದುಕಲು ಸಾಲುವಷ್ಟು ಕೂಲಿ ಸಿಗುವಂತೆ ಸರ್ಕಾರ ಪ್ರಯತ್ನಿಸಬೇಕೆಂದು 43ನೇ ವಿಧಿ ಹೇಳುತ್ತದೆ ಎಂದ ವಕೀಲರು, ಇಂಥ ನಿರ್ದೇಶಕ ತತ್ವಗಳನ್ನು ಯಾವ ನ್ಯಾಯಾಲಯದಲ್ಲಿಯೂ ಜಾರಿ ಮಾಡಿಸಲಾಗದೆಂದು 37ನೇ ವಿಧಿ ಹೇಳುತ್ತದೆ ಎಂಬುದನ್ನು ಸ್ವಲ್ಪ ಮೆಲುದನಿಯಲ್ಲಿ ಸೇರಿಸಿದರು.

"ಹಾಗಾದರೆ ಇದು ಬಾಗಿಲ ಮೇಲಿನ 'ನಾಳೆ ಬಾ' ಬರಹದಂತಾಯಿತು" ಎಂದರು ದಲ್ಲಾಳಿಯವರು.

ಅದೇ ವಿಧಿಯು ಈ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತವೆಂದೂ, ಕಾನೂನು ಮಾಡುವಾಗ ಅವನ್ನು ಅನ್ವಯಿಸುವುದು ಸರ್ಕಾರದ ಕರ್ತವ್ಯವೆಂದೂ ಹೇಳುತ್ತದೆ ಎಂದು ವಕೀಲರು ಪ್ರತಿಭಟಿಸಿದರು. ರಾಜಕೀಯದಲ್ಲಿ ಸಮಾನತೆಯನ್ನೂ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆಯನ್ನೂ ಒಟ್ಟಿಗೆ ಇಟ್ಟುಕೊಂಡು ಹೊರಟಿದ್ದೇವೆಂದು ಅಂಬೇಡ್ಕರರು 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರೆಂಬುದನ್ನೂ ನೆನಪಿಸಿದರು. ಏಜೆಂಟಕ್ಕನ ವಾದ ಬೇರೆ: "ಸಣ್ಣ ಅಕ್ಷರದ ಷರತ್ತನ್ನು ಓದಿ ಹೇಳದೆ ಗಿರಾಕಿಯಿಂದ ಸಹಿ ಹಾಕಿಸಿಕೊಳ್ಳುವುದು ಪಾಪ. ಅದನ್ನೂ ಬರೆಯಿರಿ." ಬರೆದೆವು. ಬಾಗಿಲು ಹಾಕಿದ ಗಿರಣಿಯಿಂದ ಹೊರಬಂದಿದ್ದ ಮಿಲ್ಲಜ್ಜ, ಇಡೀ ಪುಟದಲ್ಲಿ ತಮಗೆ ಮೊದಲೇ ಗೊತ್ತಿದ್ದ ವಿಧಿ ಇದೊಂದೇ ಎಂದರು.

ಕೊನೆಗೆ ಉಳಿದದ್ದು 'ಭ್ರಾತೃ ಭಾವನೆಯನ್ನು ವೃದ್ಧಿಗೊಳಿಸಲು' ಎಂಬ ಸಾಲು. ಪೀಠಿಕೆಗೆ ಆಧಾರವಾದ, ಸಂವಿಧಾನ ಸಭೆಯಲ್ಲಿ ನೆಹರೂ ಅವರು ಮಂಡಿಸಿದ ಧ್ಯೇಯ ನಿರ್ಣಯದಲ್ಲಿ ಭ್ರಾತೃತ್ವದ ಮಾತಿರಲಿಲ್ಲ. ಅದನ್ನು ಸೇರಿಸಿದ್ದು ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ. ಒಳಪುಟಗಳಲ್ಲಿ ಇದಕ್ಕೆ ತಕ್ಕ ವಿಧಿಗಾಗಿ ವಕೀಲರು ಹುಡುಕಿದರು. ಅಸ್ಪೃಶ್ಯತೆಯನ್ನು ತೊಡೆದುಹಾಕಿದ 17ನೇ ವಿಧಿ ಹತ್ತಿರ ಬಂದರೂ, ನೆರೆಯವನನ್ನು ಒಡಹುಟ್ಟಿದವನಂತೆ ಕಾಣದವರಿಗೆ ಇಂತಿಷ್ಟು ದಂಡವೆಂದು ಎಲ್ಲಿಯೂ ಇರಲಿಲ್ಲ.

"ನಾನು ಹೇಳುತ್ತೇನೆ, ಬರೆದುಕೊಳ್ಳಿ" ಎಂದರು ದಲ್ಲಾಳಿಯವರು. "ಮನೆ ಬಾಡಿಗೆಗೆ ಕೊಡುವಾಗ ಯಾರ ಜಾತಿಯನ್ನೂ ಕೇಳುವುದಿಲ್ಲ, ಏನು ತಿನ್ನುತ್ತೀರೆಂದೂ ಕೇಳುವುದಿಲ್ಲ."

"ಭೇಷ್!" ಎಂದೆವು ನಾನೂ ಏಜೆಂಟಕ್ಕನೂ. ಇಷ್ಟು ಸರಳವಾದ ಕನ್ನಡ ಅಲ್ಲಿಯವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ.

ಮೇಷ್ಟ್ರ ಲೇಖನಿ ಮಾತ್ರ ಅಲುಗಾಡಲಿಲ್ಲ. ಅವರ ಮನೆಯ ಮಹಡಿ ಯುಗಾದಿಯಿಂದ ಖಾಲಿಯಿರುವುದೂ, ಗೇಟಿಗೆ ಅವರದೇ ದುಂಡಗಿನ ಅಕ್ಷರಗಳಲ್ಲಿ 'ನಮ್ಮವರಿಗೆ ಮಾತ್ರ' ಎಂಬ ಫಲಕ ತೂಗುತ್ತಿರುವುದೂ ನಮಗೆಲ್ಲ ಏಕಕಾಲಕ್ಕೆ ನೆನಪಾಯಿತು. ಮೇಷ್ಟ್ರು ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಈ ಒಂದು ಸಾಲನ್ನು ಮೂಲದಲ್ಲಿರುವಂತೆಯೇ ಇಡೋಣ. ಭಾಷೆ ಬಹಳ ಗಂಭೀರವಾಗಿದೆ, ಕೆಡಿಸುವುದು ಬೇಡ" ಎಂದರು.

ಮಿಲ್ಲಜ್ಜ ಕೈ ತೊಳೆದುಕೊಂಡು ಬಂದು ಕುಳಿತು, ಅತ್ಯಂತ ವಿನಯದಿಂದ ಕೇಳಿದರು: "ಬಾಡಿಗೆ ಎಷ್ಟು, ಮೇಷ್ಟ್ರೇ?"