ಏಟು ತಿಂದವಳ ಕಥೆ: ‘ನಾನು’ ಅಂತ ಬರೆಯಲಾ, ‘ಅವಳು’ ಅಂತಲಾ?

ಹೊಸ ಕರಡು: ಚಿಕ್ಕಂದಿನಲ್ಲಿ ಮನೆಯವರಿಂದಲೇ ಹಿಂಸೆ ಅನುಭವಿಸಿದವಳ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. ‘ನಾನು’ ಅಂದರೆ ಬರೀ ಗೋಳಾಗುತ್ತದೆ, ‘ಅವಳು’ ಅಂದರೆ ಪೊಲೀಸ್ ವರದಿ ಥರ ಇರುತ್ತದೆ. ವಾಕ್ಯ ಮುರಿದು ಬರೆಯಲಾ? ಬರೆದವರು ಅನುಭವ ಹೇಳಿ.

ಗುಡ್ಡದ ಕೆಳಗಿನವ: ವಾಕ್ಯ ಮುರಿಯುವ ಮೊದಲು ದುಡ್ಡು ಎಣಿಸಿಟ್ಟುಕೊಳ್ಳಿ. ನನ್ನದು 2018ರ ಕೊಡಗಿನ ಗುಡ್ಡ ಕುಸಿತದ ಕಥೆ. ‘ಅಮ್ಮ ಬಾಗಿಲು. ಬಾಗಿಲು ಇಲ್ಲ’ ಅಂತ ಬರೆದಿದ್ದೆ. ಡಿಟಿಪಿಯವರು, ಅಂದರೆ ಪುಸ್ತಕ ಟೈಪ್ ಮಾಡಿ ಪುಟ ಜೋಡಿಸುವವರು, ಪಾಪ ಅಂತ ‘ಅಮ್ಮ ಬಾಗಿಲಲ್ಲಿದ್ದರು, ಈಗ ಬಾಗಿಲು ಇಲ್ಲ’ ಅಂತ ತಿದ್ದಿಟ್ಟರು. ಇಡೀ ಪುಸ್ತಕ ಹೀಗೇ. ಟೈಪಿಗೆ ಪುಟಕ್ಕೆ 25 ರೂಪಾಯಿ, ತಿದ್ದಿದ ವಾಕ್ಯ ಮತ್ತೆ ಒಡೆಯೋದಕ್ಕೆ ಪುಟಕ್ಕೆ 10. 500 ಪ್ರತಿಗೆ ಎಲ್ಲಾ ಸೇರಿ 68,000. ಅರ್ಧಕ್ಕಿಂತ ಜಾಸ್ತಿ ಅಟ್ಟದ ಮೇಲಿವೆ, ಗೆದ್ದಲಿಗೆ ಮಾತ್ರ ಇಷ್ಟವಾಗಿದೆ. ಆದರೂ ಬದಲಿಸಲ್ಲ. ಐರಿಶ್ ಲೇಖಕಿ ಐಮಿಯರ್ ಮೆಕ್‌ಬ್ರೈಡ್ ಆರು ತಿಂಗಳಲ್ಲಿ ಬರೆದ ಮೊದಲ ಕಾದಂಬರಿಗೆ ಒಂಬತ್ತು ವರ್ಷ ಪ್ರಕಾಶಕರು ಸಿಗಲಿಲ್ಲ. ಅದರಲ್ಲಿ ಕೊನೆಯ ಕಡೆ ಹುಡುಗಿಯ ಮೇಲೆ ಹಲ್ಲೆಯಾಗುವಾಗ ಪದದೊಳಗಿನ ಅಕ್ಷರಗಳೇ ಚೆಲ್ಲಾಪಿಲ್ಲಿ. 2013ರಲ್ಲಿ ಸಣ್ಣ ಪ್ರಕಾಶನವೊಂದು ತಂದಿತು, ಮರುವರ್ಷವೇ ದೊಡ್ಡ ಬಹುಮಾನ ಬಂತು.

ಕೆಂಪು ಇಂಕು: ಬಹುಮಾನ ಬಂತು ಅಂತ ಎಲ್ಲರೂ ಒಡೆಯೋಕೆ ಶುರು ಮಾಡಿದ್ದೀರಿ. ನೋವಿದ್ದವರು ತೊದಲಲೇಬೇಕು ಅಂತ ಯಾರು ಹೇಳಿದ್ದು? ನನ್ನ ಚಿಕ್ಕಮ್ಮ ತನಗಾದದ್ದನ್ನು ಹುಳಿಗೆ ಬೇಳೆ ಎಷ್ಟು ಅಂತ ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದಳು, ಕೇಳಿದವರಿಗೇ ಊಟ ಸೇರುತ್ತಿರಲಿಲ್ಲ. ನಾನು ‘ನೀನು’ ಅಂತ ಬರೆದೆ. ಕೊರಿಯಾದ ಲೇಖಕಿ ಹಾನ್ ಕಾಂಗ್ ‘ಹ್ಯೂಮನ್ ಆಕ್ಟ್ಸ್’ ಕಾದಂಬರಿಯಲ್ಲಿ 1980ರ ಗ್ವಾಂಗ್ಜು ಹತ್ಯಾಕಾಂಡದ ಹುಡುಗನನ್ನು ಮಾತಾಡಿಸೋದು ಹಾಗೇ. ಮುಂದಿನ ಅಧ್ಯಾಯವನ್ನು ಅವನ ಸತ್ತ ಗೆಳೆಯನ ಆತ್ಮ ಹೇಳುತ್ತದೆ, ಹೆಣದ ರಾಶಿಯಿಂದ. ನನ್ನ ಹಿರಿಯ ಸಂಪಾದಕರು ಮಾತ್ರ ಮಾರ್ಜಿನ್‌ನಲ್ಲಿ ‘ಏಕವಚನ ಬೇಡ, ನೀವು ಮಾಡಿ’ ಅಂತ ಬರೆದು ವಾಪಸ್ ಕಳಿಸಿದರು. ಹೊಡೆಸಿಕೊಂಡವಳಿಗೆ ಬಹುವಚನ! ಅಂಚೆ ಖರ್ಚೂ ನನ್ನದೇ.

ನಂಜನಗೂಡು ಸೀಮೆ: ಐರ್ಲೆಂಡ್, ಕೊರಿಯಾ ಆಯ್ತು. 1984ರಲ್ಲೇ ದೇವನೂರರ ‘ಕುಸುಮಬಾಲೆ’ ಬಂದಿದೆಯಲ್ಲ? ಚೆನ್ನನ ಕೊಲೆಯ ಕಥೆ, ಅದರಲ್ಲಿ ಮನೆಮನೆಯ ದೀಪದ ಜೀವಗಳಾದ ಜೋತಮ್ಮಗಳೂ ಮಾತಾಡುತ್ತವೆ. ‘ನಾನಾ, ಅವಳಾ’ ಅನ್ನೋ ಜಗಳವೇ ಇಲ್ಲ, ಇಡೀ ಊರೇ ಹೇಳುತ್ತದೆ. ಅದೂ ನಮ್ಮ ಸೀಮೆಯ ಆಡುಮಾತಿನಲ್ಲಿ. ಅದನ್ನು ನೋಡಿ ನಾನೂ ನಮ್ಮ ಮನೆ ಮಾತಿನಲ್ಲೇ ಬರೆದೆ. ವಿಮರ್ಶಕರು ಅರ್ಥವಾಗಲಿಲ್ಲ ಅಂದರು. ನಮ್ಮವರಿಗೆ ಅರ್ಥವಾಯಿತು, ಅದೇ ತೊಂದರೆ. ದೊಡ್ಡಪ್ಪನ ಮಗ ಮಾತು ಬಿಟ್ಟ, ಮದುವೆಗೂ ಕರೆಯಲಿಲ್ಲ.

ಕೆಂಪು ಇಂಕು: ಆಡುಮಾತು ಹಾಕಿದ ಮಾತ್ರಕ್ಕೆ ನೋವು ಬರಲ್ಲ ಅಣ್ಣ.

ನಂಜನಗೂಡು ಸೀಮೆ: ಬರುತ್ತೆ ಅಂತ ನಾನೆಲ್ಲಿ ಅಂದೆ ಮೇಡಂ? ಓದಿ ಮಾತಾಡಿ. ನಿಮ್ಮ ಚಿಕ್ಕಮ್ಮನ ಕಥೆ ಬರೆಯೋಕೆ ಅವರನ್ನು ಕೇಳಿದ್ರಾ?

ಕೆಂಪು ಇಂಕು: ಅವಳಿಲ್ಲ. ನೀವು ನಿಮ್ಮ ದೊಡ್ಡಪ್ಪನ ಮಗನನ್ನು ಕೇಳಿದ್ರಾ?

ಹೊಸ ಕರಡು: ನನ್ನ ಪಾತ್ರದ ವಿಷಯ... ಅವಳಿಗೆ ಅರ್ಧ ನೆನಪೇ ಇಲ್ಲ. ಅದಕ್ಕೆ ಕೇಳಿದ್ದು.

ಅಕ್ಷರ ಜೋಡಣೆ: ನಾನು ಡಿಟಿಪಿ ಮಾಡುವವನು. ಮೇಲಿನ ಗುಡ್ಡದವರೇ, ಮುರಿದದ್ದು ಬೇಕಂತಲೋ ಕೈತಪ್ಪೋ ನಮಗೆ ಹೇಗೆ ಗೊತ್ತಾಗಬೇಕು? ಪ್ರತಿಯ ಮೇಲೆ ‘ಇದ್ದಂತೆಯೇ ಇರಲಿ’ ಅಂತ ಬರೆದು ಕೊಡಬೇಕು. ಅಂಥ ಪುಟಕ್ಕೆ ನಾನು 40 ತಗೋತೀನಿ.

ಗುಡ್ಡದ ಕೆಳಗಿನವ: 40? ಸುಮ್ನೆ ಟೈಪ್ ಮಾಡೋಕೆ?

ಅಕ್ಷರ ಜೋಡಣೆ: ಸುಮ್ನೆ ಟೈಪ್ ಮಾಡೋದೇ ಕಷ್ಟ ಸಾರ್. ಕೈ ತಾನಾಗಿ ತಿದ್ದುತ್ತೆ. 25ಕ್ಕೆ ಕೊಟ್ಟಿರಿ, ಏನಾಯ್ತು?