ಸಹಾಯ ಬೇಕು: ಜಮೈಕಾದ ಜರ್ಕ್ ಮಸಾಲೆ ಪುಡಿಯನ್ನು ಮನೆಯಲ್ಲಿ ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮಾಂಸಕ್ಕೆ ಸವರಿ ಕೆಂಡದಲ್ಲಿ ಸುಡುವ ಜಮೈಕಾ ದ್ವೀಪದ ಜರ್ಕ್ ಮಸಾಲೆಯನ್ನು ಕಲಬುರಗಿಯಲ್ಲಿ ಸಿಗುವ ಸಾಮಾನುಗಳಿಂದಲೇ ಮಾಡಬೇಕೆಂದಿದ್ದೇನೆ. ಅದರ ಜೀವಾಳವಾದ ಆಲ್‌ಸ್ಪೈಸ್ ಕಾಳನ್ನು ಸೂಪರ್ ಮಾರ್ಕೆಟ್ ಕಡೆಯ ಕಿರಾಣಿ ಅಂಗಡಿಯಲ್ಲಿ ಕೇಳಿದಾಗ ಬಾಲಮೆಣಸು ಕೊಟ್ಟರು. ನೋಡಲು ಎರಡೂ ಹತ್ತಿರವಾದರೂ ಬಾಲಮೆಣಸಿಗೆ ಸಣ್ಣ ತೊಟ್ಟಿರುತ್ತದೆ, ಲವಂಗದ ಘಮವಿರುವುದಿಲ್ಲ. ಕಾಳು ಸಿಗದಿದ್ದರೆ ಲವಂಗ, ದಾಲ್ಚಿನ್ನಿ, ಜಾಯಿಕಾಯಿಗಳನ್ನು ಯಾವ ಅಳತೆಯಲ್ಲಿ ಬೆರೆಸಬೇಕು? ಥೈಮ್ ಎಂಬ ಘಮದ ಸೊಪ್ಪಿನ ಬದಲು ಓಂಕಾಳು ನಡೆಯುತ್ತದೆಂದು ನನ್ನ ಅಂದಾಜು, ಎರಡರಲ್ಲೂ ಥೈಮಾಲ್ ಎಂಬ ಘಮದ ಅಂಶ ಇದೆಯಲ್ಲ. ಅಲ್ಲಿನ ಸ್ಕಾಚ್ ಬಾನೆಟ್ ಮೆಣಸಿನಕಾಯಿಯ ಖಾರ 1 ಲಕ್ಷದಿಂದ 3.5 ಲಕ್ಷ ಸ್ಕೋವಿಲ್‌ವರೆಗೆ (ಸ್ಕೋವಿಲ್ ಎಂದರೆ ಖಾರದ ಅಳತೆ) ಇರುವುದರಿಂದ ಬ್ಯಾಡಗಿಯಿಂದ ಬಣ್ಣ ಬಂದೀತೇ ಹೊರತು ಆ ಖಾರ ಬಾರದು. ಗುಂಟೂರು ಕಾಯಿಯನ್ನೇ ಹೆಚ್ಚಿಸುತ್ತೇನೆ.

ಮುಖ್ಯ ತೊಡಕು ಬೆಲ್ಲದ್ದು. ಕಂದು ಸಕ್ಕರೆಯ ಬದಲು ಬೆರೆಸಿದ ಬೆಲ್ಲದ ಪುಡಿ ಡಬ್ಬಿಯಲ್ಲಿ ಗಂಟು ಕಟ್ಟುವುದಲ್ಲದೆ, ಕೆಂಡಕ್ಕಿಟ್ಟಾಗ ಕೋಳಿತೊಡೆಯ ಚರ್ಮ ಸೀದು ಕಪ್ಪಾದರೂ ಎಲುಬಿನ ಪಕ್ಕದ ಮಾಂಸ ಇನ್ನೂ ಹಸಿಯಾಗಿಯೇ ಉಳಿಯುತ್ತದೆ. ಬೆಲ್ಲವನ್ನು ಕೊನೆಯಲ್ಲಿ ಸವರಬಹುದೇ, ಇಲ್ಲವೇ ಕೆಂಡವನ್ನು ಒಂದು ಬದಿಗೆ ಸರಿಸಿ ಮುಚ್ಚಳ ಮುಚ್ಚಿ ಬೇಯಿಸುವುದು ಒಳಿತೇ? 1 ಕಿಲೋ ಕೋಳಿಗೆ ಉಪ್ಪೆಷ್ಟು, ಸವರಿ ಎಷ್ಟು ಹೊತ್ತು ಇಡಬೇಕು ಎಂಬುದನ್ನೂ ಮಾಡಿ ನೋಡಿದವರು ದಯವಿಟ್ಟು ತಿಳಿಸಿರಿ. ಬಾಟಲಿಯ ಸಾಸ್ ಮಾತ್ರ ಬೇಡ.